ಜೇನುಗೂಡಿನಲ್ಲಿ ಒಡೆಯರುಂಟೆ?

(ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



“ಜೇನುಗೂಡನ್ನು ನೋಡಿರಯ್ಯಾ, ರಾಣಿ ಹುಟ್ಟಿನಿಂದ ರಾಣಿ, ಆಳು ಹುಟ್ಟಿನಿಂದ ಆಳು, ಪ್ರಕೃತಿಯ ನಿಯಮವೇ ಹೀಗೆ” ಎನ್ನುವವರನ್ನು ನೀವೂ ಕಂಡಿರುತ್ತೀರಿ. ಮೇಷ್ಟರಾಗಿದ್ದಾಗ ನಾನೂ ಮಕ್ಕಳಿಗೆ ಇದನ್ನೇ ಹೇಳಿಕೊಟ್ಟೆ. ತಪ್ಪು ಹೇಳಿಕೊಟ್ಟೆ.

ರಾಣಿಯಾಗುವ ಮೊಟ್ಟೆ ಬೇರೆ, ಆಳಾಗುವ ಮೊಟ್ಟೆ ಬೇರೆ ಅಲ್ಲ. ಒಂದೇ ಬಗೆಯ ಮರಿಹುಳುವನ್ನು ದೊಡ್ಡ ಕೋಣೆಯಲ್ಲಿಟ್ಟು, ಕೊನೆಯವರೆಗೂ ರಾಜಶಾಹಿ ರಸ ಉಣಿಸಿದರೆ ಸುಮಾರು 16 ದಿನಕ್ಕೆ ರಾಣಿ ಹೊರಬರುತ್ತದೆ. ಮೂರು ದಿನದ ಮೇಲೆ ಜೇನು-ಪರಾಗ ಬೆರೆತ ಊಟಕ್ಕೆ ಇಳಿಸಿದರೆ 21 ದಿನಕ್ಕೆ ಕೆಲಸಗಾರ ನೊಣ. ಉಣಿಸುವವರು ಯಾರು? ಕೆಲಸಗಾರ ನೊಣಗಳೇ!

ಹಾಗಿದ್ದರೆ ತಾನು ಹಡೆಯದೆ ಪರರ ಮಕ್ಕಳನ್ನು ಸಾಕುವ ಗುಣ ವಂಶದಲ್ಲಿ ಉಳಿದದ್ದು ಹೇಗೆ? 1859ರಲ್ಲಿ ಡಾರ್ವಿನ್ನರಿಗೂ ಇದು ತೊಡಕಾಗಿತ್ತು. 1964ರಲ್ಲಿ ಹ್ಯಾಮಿಲ್ಟನ್ ಎಂಬ ಆಂಗ್ಲ ವಿಜ್ಞಾನಿ ಇದಕ್ಕೆ ಲೆಕ್ಕ ಹಾಕಿದರು. ಅಂಗಡಿ ಇಟ್ಟಿರುವ ಗೆಳೆಯರಿಗೆ ಇದು ಬೇಗ ಹತ್ತುತ್ತದೆ. ಗಂಡು ನೊಣ ಹುಟ್ಟುವುದು ತಂದೆಯಿಲ್ಲದ ಮೊಟ್ಟೆಯಿಂದ. ಅದರಲ್ಲಿರುವುದು ಒಂದೇ ಪಾಲು ವಂಶವಾಹಿ. ಅಷ್ಟನ್ನೂ ಹೆಣ್ಣುಮಕ್ಕಳಿಗೆ ಕೊಟ್ಟುಬಿಡುತ್ತದೆ. ಆದುದರಿಂದ ಹಳೆಯ ನಾಣ್ಯದ ಲೆಕ್ಕದಲ್ಲಿ, ಒಬ್ಬನೇ ತಂದೆಯ ಅಕ್ಕತಂಗಿಯರ ನಂಟು ರೂಪಾಯಿಗೆ 12 ಆಣೆ. ಸ್ವಂತ ಮಗಳದ್ದು 8 ಆಣೆ. ತಂಗಿಯನ್ನು ಸಾಕುವುದೇ ಲಾಭ ಎನ್ನಿಸುತ್ತದಲ್ಲವೆ?

ಆದರೆ ಖಾತೆ ಇಲ್ಲಿಗೆ ಮುಗಿಯಲಿಲ್ಲ. ಜೇನಿನ ರಾಣಿ ಹತ್ತಾರು ಗಂಡುಗಳನ್ನು ಕೂಡುತ್ತದೆ. ಹೀಗಾಗಿ ಗೂಡಿನಲ್ಲಿ ಹೆಚ್ಚಿನವರು ಮಲತಂಗಿಯರು. ಅವರ ನಂಟು 4 ಆಣೆ ಮಾತ್ರ. ಕೆಲಸಗಾರ ನೊಣವೂ ಗಂಡಾಗುವ ಮೊಟ್ಟೆ ಇಡಬಲ್ಲದು. ಇಟ್ಟರೆ ಏನಾಗುತ್ತದೆ? ಜೊತೆಯ ಕೆಲಸಗಾರರೇ ಅದನ್ನು ತಿಂದುಹಾಕುತ್ತಾರೆ! ರಾಟ್ನಿಕ್ಸ್ ಮತ್ತು ವಿಷರ್ 1989ರಲ್ಲಿ ಇದನ್ನು ತೋರಿಸಿದರು. ಮಲತಂಗಿಯ ಮಗನ ನಂಟು 2 ಆಣೆ, ರಾಣಿಯ ಮಗ, ಅಂದರೆ ತಮ್ಮ, 4 ಆಣೆ. ಕಾವಲು ರಾಣಿಯದಲ್ಲ, ಓರಗೆಯವರದು. ಇದೇನೂ ಕರುಣೆಯ ರಾಜ್ಯವಲ್ಲ. ನೊಣವನ್ನು ನೋಡಿ ಮನುಷ್ಯನಿಗೆ ಕಾನೂನು ಬರೆಯುವ ಚಪಲ ನಮ್ಮ ಕಡೆಯವರಿಗೂ ಬೇಡ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಅವರು ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜವನ್ನು ದಶಕಗಳ ಕಾಲ ಅಭ್ಯಸಿಸಿದ್ದಾರೆ. ಅದರಲ್ಲಿ ರಾಣಿಗೂ ಆಳಿಗೂ ಆಕಾರದಲ್ಲಿ ಭೇದವಿಲ್ಲ. ರಾಣಿಯೋ ಬಲು ಸಾಧು, ಯಾರನ್ನೂ ಬೆದರಿಸುವುದಿಲ್ಲ. ಅದನ್ನು ಗೂಡಿನಿಂದ ತೆಗೆದರೆ ಕೆಲವೇ ನಿಮಿಷಗಳಲ್ಲಿ ಕೆಲಸಗಾರರಲ್ಲೊಂದು ಎಲ್ಲರ ಮೇಲೂ ಏರಿಹೋಗತೊಡಗುತ್ತದೆ. ರಾಣಿಯನ್ನು ಮರಳಿ ಬಿಟ್ಟರೆ ತಣ್ಣಗಾಗುತ್ತದೆ. ಬಿಡದಿದ್ದರೆ ಸುಮಾರು ಒಂದು ವಾರದಲ್ಲಿ ಅದೇ ಮೊಟ್ಟೆ ಇಡುತ್ತದೆ; ಅಷ್ಟರಲ್ಲಿ ಅದೂ ಹಳೆಯ ರಾಣಿಯಷ್ಟೇ ಸಾಧುವಾಗಿರುತ್ತದೆ.