ಶಿಕ್ಷೆಯಾದ ಮೇಲೆ ಮೂವತ್ತು ದಿನ
(ನರೇಗಲ್ಲಿನಲ್ಲಿ ಮಾಡಿದ ಭಾಷಣ)



ಸಾಲಕ್ಕೆ ಭದ್ರತೆ ಅಂತ ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡುತ್ತೀರಿ. ಮಳೆ ಕೈಕೊಟ್ಟು, ಕಡಲೆ ಬೆಲೆ ಬಿದ್ದು, ಚೆಕ್ಕು ತಿರುಗಿ ಬಂತೆಂದರೆ ಸಾಲದ ಮಾತು ಕ್ರಿಮಿನಲ್ ಕೇಸಾಗುತ್ತದೆ. ರೋಣದ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಶಿಕ್ಷೆಯಾಯಿತೆನ್ನಿ. 'ಎಲ್ಲಾ ಮುಗೀತು' ಅಂತ ಹೊಲ ಮಾರಲು ಓಡಬೇಡಿ. 'ಬಿತ್ತಿಗಿ ಮುಗಿಸಿ ನೋಡೂಣು' ಅಂತ ಕುಂತರೂ ಕೆಟ್ಟಿರಿ.

ಗದಗಿನ ಸೆಷನ್ಸ್ ಕೋರ್ಟಿಗೆ ಅಪೀಲು ಹಾಕಲು 1963ರ ಕಾಲಮಿತಿ ಕಾಯಿದೆ ಕೊಟ್ಟಿರುವುದು 30 ದಿನ. ತೀರ್ಪಿನ ದಿನವೂ, ನಕಲು ಪಡೆಯಲು ಹಿಡಿದ ದಿನಗಳೂ ಇದರಲ್ಲಿ ಎಣಿಕೆಗಿಲ್ಲ. ಜೈಲು ಶಿಕ್ಷೆಯಾದರೆ ನಕಲು ಕೂಡಲೇ, ಪುಕ್ಕಟೆ ಕೊಡಬೇಕು, ಕೇಳಿ ಇಸಕೊಳ್ಳಿ. ನೀವು ಜಾಮೀನಿನ ಮೇಲಿದ್ದು ಶಿಕ್ಷೆ 3 ವರ್ಷ ಮೀರದಿದ್ದರೆ, ಅಪೀಲು ಹಾಕುತ್ತೇನೆಂದು ಅದೇ ಕೋರ್ಟಿನಲ್ಲಿ ಹೇಳಿ. ವಿಶೇಷ ಕಾರಣವಿಲ್ಲದೆ ಅಲ್ಲಿಯತನಕದ ಜಾಮೀನು ನಿರಾಕರಿಸುವಂತಿಲ್ಲ.

ಗಡುವು ಮೀರಿದರೆ? ಅದೇ ಕಾಯಿದೆಯ 5ನೇ ಕಲಮಿನಂತೆ ತಡ ಮನ್ನಿಸಲು ಕೇಳಬಹುದು. ಆದರೆ ಕಾರಣ ಗಟ್ಟಿಯಿರಬೇಕು. ಆಸ್ಪತ್ರೆಯ ಚೀಟಿ ನಡೆದೀತು. 'ಗೊತ್ತಿರಲಿಲ್ರೀ' ಅಂದರೆ ಸಾಲದು.

ಮೇಲಿನ ಕೋರ್ಟು ಶಿಕ್ಷೆ ರದ್ದು ಮಾಡಬಹುದು, ಇಳಿಸಬಹುದು, ಮರುವಿಚಾರಣೆಗೂ ಕಳಿಸಬಹುದು. ಆದರೆ 2018ರ ತಿದ್ದುಪಡಿಯಂತೆ ಚೆಕ್ಕಿನ ಅಪೀಲಿನಲ್ಲಿ ದಂಡ ಅಥವಾ ಪರಿಹಾರದ ನೂರಕ್ಕೆ ಕನಿಷ್ಠ 20 ಕಟ್ಟಿರೆಂದು ಹೇಳಬಹುದು, ಅದಕ್ಕೂ ತಯಾರಿರಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಜೈಲಿನಲ್ಲಿದ್ದವರಿಗೆ, ಬಡವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ.

ಸಾಹುಕಾರ ಬಡ್ಡಿಗೆ ದಿನ ಎಣಿಸುತ್ತಾನೆ. ನೀವೂ ದಿನ ಎಣಿಸಿರಿ.