ಗೈಡು ಮುಚ್ಚಿ, ಕಾದಂಬರಿ ತೆರೆಯಿರಿ

ವಡಗೇರಾದ ಒಬ್ಬ ಬಿ.ಎ. ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಿ. ಭೀಮಾ ನದಿ ದಾಟಿ ಯಾದಗಿರಿಯ ಕಾಲೇಜಿಗೆ ಹೋಗಿಬರುವವಳು. ಇಂಗ್ಲಿಷ್ ಸಾಹಿತ್ಯದ ಪರೀಕ್ಷೆಗೆ ಉಳಿದಿರುವುದು ಒಂದು ವಾರ. ಮುಂದೆ ಡಿಕನ್ಸ್, ಹಾರ್ಡಿ, ರಾಜಾರಾವ್ ಅವರ ಮೂರು ಕಾದಂಬರಿಗಳು, ಪಕ್ಕದಲ್ಲೊಂದು ಗೈಡು. ಕಾದಂಬರಿಗಳು ಹೊಸದಾಗಿಯೇ ಇವೆ, ಗೈಡು ಮಾತ್ರ ಮಾಸಿದೆ.

ಇದು ಅವಳೊಬ್ಬಳ ಸೋಮಾರಿತನವಲ್ಲ. ನಮ್ಮಲ್ಲಿ ಇಂಗ್ಲಿಷ್ ಸಾಹಿತ್ಯ ಬಂದದ್ದೇ ಪರೀಕ್ಷೆಯ ವೇಷದಲ್ಲಿ. ಕಲ್ಕತ್ತ, ಮುಂಬಯಿ, ಮದ್ರಾಸು ವಿಶ್ವವಿದ್ಯಾಲಯಗಳು 1857ರಲ್ಲಿ ಸ್ಥಾಪನೆಯಾದವು. ಅದಕ್ಕೂ ಮೊದಲೇ ಇಲ್ಲಿನ ಹುಡುಗರು ಷೇಕ್ಸ್‌ಪಿಯರ್, ಮಿಲ್ಟನ್ನರನ್ನು ಪರೀಕ್ಷೆಗಾಗಿ ಓದುತ್ತಿದ್ದರು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯ ಪ್ರತ್ಯೇಕ ಪದವಿ ವಿಷಯವಾದದ್ದು 1890ರ ದಶಕದಲ್ಲಿ, ಕೇಂಬ್ರಿಜ್‌ನಲ್ಲಿ 1917ರಲ್ಲಿ. ಗೌರಿ ವಿಶ್ವನಾಥನ್ ತಮ್ಮ 1989ರ ಗ್ರಂಥದಲ್ಲಿ ಈ ವಿಚಿತ್ರ ಚರಿತ್ರೆಯನ್ನು ವಿವರಿಸಿದ್ದಾರೆ.

ವಡಗೇರಾ ಸೀಮೆಯ ಕಥೆ ಇನ್ನೂ ಜಟಿಲ. ಇದು ನಿಜಾಮರ ಆಳ್ವಿಕೆಗೆ ಸೇರಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆ ಉರ್ದುವಿನಲ್ಲಿ, ಇಂಗ್ಲಿಷ್ ಕಡ್ಡಾಯ ವಿಷಯ. ಮನೆಯ ಕನ್ನಡ ಅಲ್ಲಿ ಬೋಧನೆಯ ಭಾಷೆಯಾಗಿರಲಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ಇಂಗ್ಲಿಷ್ ಪುಸ್ತಕದ ಮುಂದೆ ಹುಟ್ಟುವ ಅಂಜಿಕೆಗೆ ಇಷ್ಟು ಹಳೆಯ ಬೇರುಗಳಿವೆ.

ಆದರೆ ಕಾದಂಬರಿಗಳು ಪರೀಕ್ಷೆಗಾಗಿ ಹುಟ್ಟಿದವಲ್ಲ. ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ 1860-61ರಲ್ಲಿ ವಾರಪತ್ರಿಕೆಯ ಧಾರಾವಾಹಿಯಾಗಿ ಬಂತು. ನಮ್ಮ ವಾರಪತ್ರಿಕೆಗಳ ಧಾರಾವಾಹಿಗೆ ಓದುಗರು ಕಾಯುತ್ತಿದ್ದಂತೆಯೇ ಅಲ್ಲಿಯೂ ಜನ ಕಾದರು. ಹಾರ್ಡಿಯ ‘ಫಾರ್ ಫ್ರಮ್ ದಿ ಮ್ಯಾಡಿಂಗ್ ಕ್ರೌಡ್’ (1874) ಕಾದಂಬರಿಯ ಗೇಬ್ರಿಯಲ್ ಓಕ್ ಕುರಿ ಸಾಕುವವನು. ಎಳೆಯ ನಾಯಿಯೊಂದು ಅವನ ಕುರಿಗಳನ್ನು ಅಟ್ಟಿಸಿಕೊಂಡು ಹೋಗಿ ಕಮರಿಗೆ ಕೆಡವುತ್ತದೆ. ಒಂದೇ ರಾತ್ರಿಯಲ್ಲಿ ಬರಿಗೈಯಾದವನು ಕೂಲಿ ಹುಡುಕಿ ಹೊರಡುತ್ತಾನೆ. ಬಸ್ ನಿಲ್ದಾಣದಲ್ಲಿ ಗಂಟುಮೂಟೆಯೊಡನೆ ಗುಳೆ ಹೊರಟವರನ್ನು ಕಂಡ ಹುಡುಗಿಗೆ ಇದನ್ನು ಗೈಡು ವಿವರಿಸಬೇಕೆ?

ರಾಜಾರಾವ್ ಹಾಸನದಲ್ಲಿ ಹುಟ್ಟಿದವರು. ಅವರ ತಂದೆ ಹೈದರಾಬಾದಿನ ನಿಜಾಂ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದರು. 1938ರ ‘ಕಾಂತಾಪುರ’ದಲ್ಲಿ ಕಥೆ ಹೇಳುವವಳು ಅಚ್ಚಕ್ಕ ಎಂಬ ಹಳ್ಳಿಯ ಅಜ್ಜಿ. ಅದನ್ನು ಗಟ್ಟಿಯಾಗಿ ಓದಿದರೆ ಇಂಗ್ಲಿಷಿನ ಒಳಗೆ ಕಟ್ಟೆಯ ಮೇಲಿನ ಮಾತೇ ಕೇಳಿಸುತ್ತದೆ.

ಹಾಗಾದರೆ ಉಳಿದ ವಾರದಲ್ಲಿ ಏನು ಮಾಡಬೇಕು? ಪ್ರತಿ ಕಾದಂಬರಿಗೂ ಎರಡು ದಿನ ಕೊಡಿ. ಕಥೆಯನ್ನು ಮೊದಲು ಕನ್ನಡದಲ್ಲಿ ಅವ್ವನಿಗೋ ತಂಗಿಗೋ ಹೇಳಿ. ಎಲ್ಲಿ ತಡವರಿಸುತ್ತೀರೋ ಆ ಅಧ್ಯಾಯಕ್ಕೆ ಮರಳಿ ಹೋಗಿ. ಯಾರು, ಎಲ್ಲಿ, ಯಾಕೆ ಬದಲಾದರು ಎಂಬುದನ್ನು ಒಂದೇ ಹಾಳೆಯಲ್ಲಿ ಸರಳ ಇಂಗ್ಲಿಷಿನಲ್ಲಿ ಬರೆಯಿರಿ. ಏಳನೆಯ ದಿನ ಆ ಮೂರು ಹಾಳೆಗಳನ್ನು ಓದಿದರೆ ಸಾಕು. ಬಾಯಿಪಾಠದ ಉತ್ತರ ಪ್ರಶ್ನೆ ಸ್ವಲ್ಪ ತಿರುಗಿದರೂ ಕೈಕೊಡುತ್ತದೆ. ತಿಳಿದ ಕಥೆ ಕೈಕೊಡುವುದಿಲ್ಲ.

ಆರ್.ಕೆ. ನಾರಾಯಣ್ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾಗಿದ್ದರು. ಮನೆಯಲ್ಲಿ ಓದುತ್ತ ಬರೆಯುತ್ತ ಒಂದು ವರ್ಷ ಕಳೆದು, 1926ರಲ್ಲಿ ಪಾಸಾಗಿ ಮೈಸೂರಿನ ಮಹಾರಾಜ ಕಾಲೇಜು ಸೇರಿದರು. ಮುಂದೆ ಅವರ ಕಾದಂಬರಿಗಳೇ ಪಠ್ಯಗಳಾದವು. ಅಂಕಪಟ್ಟಿ ಒಂದು ದಿನ ಪೆಟ್ಟಿಗೆಯ ತಳ ಸೇರುತ್ತದೆ. ಕುರಿ ಕಳೆದುಕೊಂಡ ಗೇಬ್ರಿಯಲ್ ಮಾತ್ರ, ಓದಿದವಳ ಜೊತೆ ಭೀಮೆ ದಾಟಿ ಮನೆಗೆ ಬರುತ್ತಾನೆ.