ಒಂದು ಕಡೆ ಹಿಮ, ಇನ್ನೊಂದು ಕಡೆ ಕುದಿ
(ಸಂಘದ ಸಭೆಯಲ್ಲಿ ಅತಿಥಿ ಉಪನ್ಯಾಸಕರು ಮಾಡಿದ ಭಾಷಣದ ಪಠ್ಯ)



ಕವಿಗಳೂ ವಿದ್ವಾಂಸರೂ ಮಾತನಾಡಿ ಹೋದ ಈ ವೇದಿಕೆಯಲ್ಲಿ ರೇಡಿಯೇಟರಿನ ವಿಷಯ ಹೇಳಲು ನನ್ನನ್ನು ಕರೆದಿರುವುದು ತಮ್ಮ ಔದಾರ್ಯ. ಕಳೆದ ಸಲ ಊಟದ ಹೊತ್ತಿನಲ್ಲಿ ತಮ್ಮಲ್ಲಿ ಕೆಲವರು ಕೇಳಿದ ಪ್ರಶ್ನೆಯೇ ಇಂದಿನ ಮಾತಿಗೆ ಕಾರಣ: “ಹಳೆಯ ಗ್ಯಾಸ್ ಗಾಡಿಯೊಂದು ಅಗ್ಗವಾಗಿ ಸಿಗುತ್ತಿದೆ, ಕೊಳ್ಳಬಹುದೇ? ಗ್ಯಾಸಿಗೆ ಎಂಜಿನ್ ಕಾದು ಸುಟ್ಟುಹೋಗುತ್ತದಂತಲ್ಲ?”

ಈ ದೇಶದ ಟ್ಯಾಕ್ಸಿಗಳು ದಶಕಗಳ ಕಾಲ ಎಲ್‌ಪಿಜಿಯಲ್ಲೇ ಓಡಿದವು. 2006ರ ಆಗಸ್ಟಿನಿಂದ ಕೇಂದ್ರ ಸರ್ಕಾರವು ಖಾಸಗಿ ಕಾರುಗಳನ್ನು ಗ್ಯಾಸಿಗೆ ಮಾರ್ಪಡಿಸಲು 2000 ಡಾಲರ್ ಸಹಾಯಧನ ಕೊಡತೊಡಗಿದಾಗ ನಮ್ಮಂಥ ಸಂಬಳದವರೂ ಸಾಲುಗಟ್ಟಿ ನಿಂತೆವು. 2011ರ ಡಿಸೆಂಬರಿನಲ್ಲಿ ಗ್ಯಾಸಿನ ಮೇಲೂ ಸುಂಕ ಬಿತ್ತು. 2014ರಲ್ಲಿ ಆ ಯೋಜನೆ ಮುಗಿಯಿತು. 2016ರಲ್ಲಿ ಫಾಲ್ಕನ್ ಕಾರಿನ ತಯಾರಿಕೆಯೇ ನಿಂತಿತು. ಬಂಕುಗಳಲ್ಲಿ ಗ್ಯಾಸಿನ ಪಂಪುಗಳು ಒಂದೊಂದಾಗಿ ಮರೆಯಾಗುತ್ತಿವೆ. ತಾಯ್ನಾಡಿನಲ್ಲಿ ಈ ಇಂಧನಕ್ಕೆ ಕಾನೂನಿನ ಒಪ್ಪಿಗೆ ದೊರೆತದ್ದೇ 2000ದ ಹೊತ್ತಿಗೆ. ಅದಕ್ಕೂ ಮೊದಲು ಅಡುಗೆಮನೆಯ ಸಿಲಿಂಡರನ್ನೇ ಮಾರುತಿ ವ್ಯಾನಿನ ಹಿಂಭಾಗದಲ್ಲಿ ಕದ್ದು ಕೂರಿಸಿಕೊಂಡು ತಿರುಗುತ್ತಿದ್ದ ಸಾಹಸಿಗಳನ್ನು ತಮ್ಮಲ್ಲಿ ಹಲವರು ಕಂಡಿರಬೇಕು. ಇಂದು ಬೆಂಗಳೂರಿನ ಆಟೋಗಳಿಗೆ ಇದು ನಿತ್ಯದ ಇಂಧನ.

ಇನ್ನು ನನ್ನ ಕಥೆ. ಆರು ಸಿಲಿಂಡರಿನ ನಮ್ಮ ಹಳೆಯ ವ್ಯಾಗನ್ನಿಗೆ 2007ರಲ್ಲಿ ಗ್ಯಾಸ್ ಜೋಡಿಸಿದೆ. ಗುಂಡಿಯೊಂದನ್ನು ಒತ್ತಿದರೆ ಪೆಟ್ರೋಲು, ಮತ್ತೊಮ್ಮೆ ಒತ್ತಿದರೆ ಗ್ಯಾಸು. ಮುಂದಿನ ಜನವರಿಯಲ್ಲಿ ಹೆಂಡತಿ ಮಕ್ಕಳೊಡನೆ ಹ್ಯೂಮ್ ಹೆದ್ದಾರಿಯಲ್ಲಿ ಸಿಡ್ನಿಗೆ ಹೊರಟೆ. ಹೊರಗೆ 40 ಡಿಗ್ರಿಯ ಬಿಸಿಲು. ವಾಂಗರಾಟ್ಟ ದಾಟಿದ ಮೇಲೆ ಗಾಡಿ ಜಗ್ಗತೊಡಗಿತು, ಆಮೇಲೆ ನಿಂತೇ ಹೋಯಿತು. ತಾಪಸೂಚಕದ ಮುಳ್ಳು ಎಂದಿಗಿಂತ ಕೆಳಗಿತ್ತು. ಬಾನೆಟ್ ಎತ್ತಿದರೆ, ಆ ಸುಡುಬಿಸಿಲಿನಲ್ಲಿ ಗ್ಯಾಸ್ ಕನ್ವರ್ಟರಿನ ಮೇಲೆ ಬೆಳ್ಳಗೆ ಹಿಮ ಕಟ್ಟಿತ್ತು! ಮಕ್ಕಳಿಗೆ ಅದು ತಮಾಷೆ. ನಾನು, ಯಂತ್ರಶಾಸ್ತ್ರ ಓದಿದವನು, ಇದು ಗ್ಯಾಸಿನ ದೋಷವೆಂದು ತೀರ್ಮಾನಿಸಿ ಗುಂಡಿ ಒತ್ತಿದೆ. ಪೆಟ್ರೋಲಿನಲ್ಲಿ ಗಾಡಿ ಸಲೀಸಾಗಿ ಹೊರಟಿತು. ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಎಂಜಿನ್ನಿನಿಂದ ಟಕಟಕ ಸದ್ದು, ಬಿಳಿಯ ಆವಿ, ಆಮೇಲೆ ಮೌನ.

ನಡೆದದ್ದು ಇಷ್ಟು. ಟ್ಯಾಂಕಿನಲ್ಲಿ ಎಲ್‌ಪಿಜಿ ಒತ್ತಡದಲ್ಲಿರುವ ದ್ರವ. ಅದರಲ್ಲಿರುವ ಪ್ರೊಪೇನ್ ಸಾಮಾನ್ಯ ಒತ್ತಡದಲ್ಲಿ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುತ್ತದೆ. ದ್ರವವು ಅನಿಲವಾಗಲು ಶಾಖ ಬೇಕು; ಬೆವರು ಆರುವಾಗ ಮೈ ತಣ್ಣಗಾಗುವುದೂ ಇದೇ ನಿಯಮದಿಂದ. ಆ ಶಾಖವನ್ನು ಒದಗಿಸಲು ಎಂಜಿನ್ನಿನ ಬಿಸಿ ಕೂಲಂಟನ್ನು ಎರಡು ಹೋಸುಗಳ ಮೂಲಕ ಕನ್ವರ್ಟರಿನೊಳಗೆ ಹರಿಸುತ್ತಾರೆ. ನನ್ನ ಗಾಡಿಯಲ್ಲಿ ಹೊಸದಾಗಿ ಕೂರಿಸಿದ ಕವಲಿನ ಕ್ಲಿಪ್ಪೊಂದು ಸಡಿಲವಾಗಿ ಕೂಲಂಟು ತೊಟ್ಟುತೊಟ್ಟಾಗಿ ಸೋರಿಹೋಗಿತ್ತು. ಕನ್ವರ್ಟರು ಎತ್ತರದಲ್ಲಿದ್ದುದರಿಂದ ಮೊದಲು ಬರಿದಾದದ್ದು ಅದೇ. ಶಾಖ ಸಿಗದೆ ಅದು ಹೆಪ್ಪುಗಟ್ಟಿತು, ಪಕ್ಕದಲ್ಲೇ ಎಂಜಿನ್ ಬೇಯುತ್ತಿತ್ತು. ಮುಳ್ಳು ಏಕೆ ಇಳಿಯಿತು? ತಾಪ ಅಳೆಯುವ ಸಂವೇದಕವು ದ್ರವದಲ್ಲಿ ಮುಳುಗಿರಬೇಕು. ದ್ರವವೇ ಇಲ್ಲದಿದ್ದಾಗ ಅದು ಹೇಳುವ ಲೆಕ್ಕಕ್ಕೆ ಬೆಲೆಯಿಲ್ಲ. ಆ ಹಿಮವೇ ನನಗೆ ಸಿಕ್ಕಿದ್ದ ಎಚ್ಚರಿಕೆ. ಪೆಟ್ರೋಲಿಗೆ ಬದಲಾಯಿಸಿ ನಾನೇ ಅದನ್ನು ಮುಚ್ಚಿಹಾಕಿದೆ.

ರಸ್ತೆ ಬದಿಯಲ್ಲಿ ಎರಡು ಗಂಟೆ ಕಳೆದೆವು. ಇದ್ದದ್ದು ಒಂದು ಬಾಟಲಿ ಕುಡಿಯುವ ನೀರು. ಅದನ್ನು ರೇಡಿಯೇಟರಿಗೆ ಸುರಿಯಲು ಹೊರಟ ನನ್ನ ಕೈಯಿಂದ ಮಡದಿ ಬಾಟಲಿ ಕಿತ್ತುಕೊಂಡರು: “ಮಕ್ಕಳಿಗೆ ನೀರಿಲ್ಲ, ಇದಕ್ಕೆ ಬೇಕೇ ನೀರು?” ಶಾಸ್ತ್ರದ ದೃಷ್ಟಿಯಿಂದಲೂ ಅವರದೇ ಸರಿ. ಬಿಸಿ ರೇಡಿಯೇಟರಿನ ಮುಚ್ಚಳವು ಪ್ರೆಷರ್ ಕುಕ್ಕರಿನ ಮುಚ್ಚಳವಿದ್ದಂತೆ. ಒಳಗೆ 100 ಡಿಗ್ರಿಗೂ ಮೀರಿದ ದ್ರವ ಒತ್ತಡದಿಂದ ಕುದಿಯದೆ ನಿಂತಿರುತ್ತದೆ. ತೆಗೆದೊಡನೆ ಮುಖಕ್ಕೆ ಚಿಮ್ಮುತ್ತದೆ. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಅದು ಸೀಳಲೂಬಹುದು. ಕೊನೆಗೆ ಸಿಲಿಂಡರ್ ಹೆಡ್ಡು ಸೊಟ್ಟಗಾಗಿ, ಗ್ಯಾಸ್ಕೆಟ್ಟು ಸುಟ್ಟು, ಸಹಾಯಧನಕ್ಕಿಂತ ದುರಸ್ತಿಯ ಖರ್ಚೇ ಹೆಚ್ಚಾಯಿತು. ಸರ್ಕಾರ ಕೊಟ್ಟದ್ದನ್ನು ಗ್ಯಾರೇಜಿಗೆ ಒಪ್ಪಿಸಿ ಬಂದೆ ಎಂದು ನನ್ನ ಮಾವನವರು ಇಂದಿಗೂ ನಗುತ್ತಾರೆ.

ಹಾಗಾದರೆ ಗ್ಯಾಸು ನಿರಪರಾಧಿಯೇ? ಪೂರ್ತಿಯಾಗಿ ಅಲ್ಲ. ಅದರ ಜ್ವಾಲೆಯ ತಾಪ ಪೆಟ್ರೋಲಿನದಕ್ಕಿಂತ ಬಹಳ ಭಿನ್ನವಲ್ಲ. ಆದರೆ ಪೆಟ್ರೋಲು ಹನಿಹನಿಯಾಗಿ ಒಳಹೋಗಿ, ಅಲ್ಲಿ ಆವಿಯಾಗುತ್ತ ವಾಲ್ವುಗಳನ್ನು ಕೊಂಚ ತಂಪಾಗಿಸುತ್ತದೆ. ಕನ್ವರ್ಟರಿನಿಂದ ಬರುವ ಗ್ಯಾಸು ಒಣಗಾಳಿಯಂತೆ. ಆ ಉಪಕಾರ ಅದರಿಂದಾಗದು. ಸೀಸದ ಪೆಟ್ರೋಲಿಗೆಂದು ತಯಾರಾದ ಹಳೆಯ ಎಂಜಿನ್ನುಗಳಲ್ಲಿ ವಾಲ್ವು ಕೂರುವ ಜಾಗ ಮೃದು. ಅಲ್ಲಿ ಅದು ಸವೆದು, ವಾಲ್ವು ಸರಿಯಾಗಿ ಮುಚ್ಚದೆ, ಬಿಸಿ ಅನಿಲ ನುಸುಳಿ ಅಂಚು ಸುಟ್ಟುಹೋಗುತ್ತದೆ. ಜನರು ‘ಗ್ಯಾಸಿಗೆ ಸುಟ್ಟಿತು’ ಎನ್ನುವುದು ಬಹುಮಟ್ಟಿಗೆ ಇದನ್ನೇ. ಲೀಟರಿಗೆ ಗ್ಯಾಸಿನ ಶಕ್ತಿ ಪೆಟ್ರೋಲಿನ ಮುಕ್ಕಾಲು ಪಾಲಿನಷ್ಟು ಮಾತ್ರ. ಆದ್ದರಿಂದ ಹೆಚ್ಚು ಲೀಟರು ಹಿಡಿಯುವುದು ಸಹಜ. ಅದನ್ನು ತಾಳಲಾರದೆ ಕೆಲವರು ಮಿಶ್ರಣದಲ್ಲಿ ಗ್ಯಾಸನ್ನು ಕಡಿಮೆ ಮಾಡಿಸುತ್ತಾರೆ. ಅಂಥ ತೆಳು ಮಿಶ್ರಣ ನಿಧಾನವಾಗಿ ಉರಿಯುತ್ತ, ಹೊರಹೋಗುವ ವಾಲ್ವಿನವರೆಗೂ ಬೆಂಕಿಯನ್ನು ಒಯ್ಯುತ್ತದೆ. ನಾಲ್ಕು ಡಾಲರ್ ಉಳಿಸಲು ಎಂಜಿನ್ನನ್ನೇ ಪಣಕ್ಕಿಡುವ ಲೆಕ್ಕವಿದು. ನಮ್ಮವರಿಗೆ ಇದರಲ್ಲಿ ವಿಶೇಷ ಪ್ರಾವೀಣ್ಯವಿದೆ ಎಂದರೆ ತಾವು ಬೇಸರಿಸಬಾರದು.

ಆದ್ದರಿಂದ ಕೊಳ್ಳುವವರು ಮೊದಲು ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು ಕೂಲಂಟು ನೋಡಿ. ಅದು ತುಕ್ಕಿನ ಬಣ್ಣದಲ್ಲಿದ್ದರೆ ಯಾರೋ ನಲ್ಲಿನೀರು ತುಂಬಿಕೊಂಡೇ ಓಡಿಸಿದ್ದಾರೆ. ಕನ್ವರ್ಟರಿನ ಹೋಸುಗಳನ್ನು ಹಿಸುಕಿ ನೋಡಿ, ಗಟ್ಟಿಯಾಗಿ ಬಿರುಕುಬಿಟ್ಟಿದ್ದರೆ ಬದಲಿಸಲೇಬೇಕು. ಕೂಲಂಟು ಬದಲಿಸಿದ ಬಳಿಕ ಒಳಗೆ ಸಿಕ್ಕ ಗಾಳಿಯನ್ನು ಹೊರಬಿಡಿಸುವುದನ್ನು ಮರೆಯದಿರಿ. ಟ್ಯಾಂಕಿಗೆ ಹತ್ತು ವರ್ಷಕ್ಕೊಮ್ಮೆ ಪರೀಕ್ಷೆಯಾಗಬೇಕು. ಅದರ ಮೇಲೆ ಒತ್ತಿರುವ ತಾರೀಖನ್ನು ಬಗ್ಗಿಯಾದರೂ ಓದಿ. ಕೆಟ್ಟ ವಾಸನೆ ಬಂದರೆ ಉಪೇಕ್ಷಿಸಬೇಡಿ, ಈ ಅನಿಲ ಗಾಳಿಗಿಂತ ಭಾರವಾದುದರಿಂದ ಗ್ಯಾರೇಜಿನ ನೆಲದಲ್ಲೇ ನಿಲ್ಲುತ್ತದೆ. ಹೊಸದಾಗಿ ಮಾರ್ಪಡಿಸಲು ಮಾತ್ರ ನಾನು ಸಲಹೆ ಕೊಡಲಾರೆ. ಪಂಪುಗಳು ಕಡಿಮೆಯಾಗುತ್ತಿರುವಾಗ ಹಾಕಿದ ಹಣ ಮರಳುವುದು ಕಷ್ಟ.

ನಮ್ಮ ವ್ಯಾಗನ್ನು ದುರಸ್ತಿಯಾದ ಮೇಲೆ ಅದೇ ಗ್ಯಾಸಿನಲ್ಲಿ ಇನ್ನೂ ಎಂಟು ವರ್ಷ ಓಡಿತು. ಮಗಳು ಕಾರು ಕಲಿತದ್ದೂ ಅದರಲ್ಲೇ. ಗ್ಯಾಸಿನಲ್ಲಿ ಗಾಡಿ ಜಗ್ಗಿದರೆ ಗುಂಡಿ ಮುಟ್ಟದೆ ಬದಿಗೆ ನಿಲ್ಲಿಸಿ ಬಾನೆಟ್ ಎತ್ತು ಎಂಬುದು ಅವಳ ಮೊದಲ ಪಾಠವಾಗಿತ್ತು. ಹೊರಗೆ ನಿಂತಿರುವ ಕಾರುಗಳಲ್ಲಿ ಒಂದರ ನಂಬರ್ ಪ್ಲೇಟಿನ ಮೇಲೆ ಕೆಂಪು ಗುರುತು ಕಂಡೆ. ಅದರ ಯಜಮಾನರು ಒಪ್ಪಿದರೆ, ಕಾಫಿ ಮುಗಿಯುವಷ್ಟರಲ್ಲಿ ಎಂಜಿನ್ ತಣ್ಣಗಾಗಿರುತ್ತದೆ. ಎಲ್ಲರೂ ಹೋಗಿ ನೋಡೋಣ.